ಛತ್ರಕ್ಕೆ ದುಡ್ಡಿದೆ, ಗಾಯಕ್ಕೆ ಎಣ್ಣೆ ಇಲ್ಲ



ಅಕ್ಕಲಕೋಟದಲ್ಲಿ ನಾವು ಒಬ್ಬ ವಯಸ್ಸಾದ ಅವ್ವನ ಜೊತೆ ಒಂದೇ ಬೆಳಿಗ್ಗೆ ಮೂರು ಖಾಸಗಿ ದವಾಖಾನೆ ಸುತ್ತಿದೆವು. ಅವರಿಗೆ ಬಿಪಿ, ಶುಗರ್ ಎರಡೂ ಇವೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಆಯುಷ್ಮಾನ್ ಕಾರ್ಡ್. ಇದು ಐದು ಲಕ್ಷದ ಕಾರ್ಡ್ ಎಂದು ಅವರಿಗೆ ಹೇಳಿದವರು ನಾವೇ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಸಾಲಿನಲ್ಲಿ ನಿಲ್ಲಿಸಿ ಅದನ್ನು ಮಾಡಿಸಿದವರೂ ನಾವೇ. ಮೂರು ಕಡೆಯೂ ಒಂದೇ ಉತ್ತರ: "ಇದು ಅಡ್ಮಿಟ್ ಆದ್ರಷ್ಟೇ ನಡೀತದರಿ, ಇಲ್ಲಿ ನಡಿಯೂದಿಲ್ಲ." ಮೂರನೇ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅವ್ವ ಕೇಳಿದರು: "ಹಂಗಾರ ನಾ ಬೀಳೂ ತನಕ ಕಾಯಬೇಕೇನಪಾ?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮೊದಲು ಡಾಕ್ಟರರ ಮೇಲೆ ಸಿಟ್ಟು ಬಂತು. ಮನೆಗೆ ಬಂದು ಯೋಜನೆಯ ನಿಯಮ ಓದಿದಾಗ ನಾಚಿಕೆ ಬಂತು. ತಪ್ಪು ಆ ಡಾಕ್ಟರರದಲ್ಲ. ಯೋಜನೆಯಲ್ಲಿ ಅವರಿಗೆ ಜಾಗವೇ ಇಲ್ಲ.

ನೆನಪಿಸಿಕೊಳ್ಳೋಣ. 2012ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ರಾಜೀವ್ ಗಾಂಧಿ ಜೀವನದಾಯೀ ಆರೋಗ್ಯ ಯೋಜನೆಯನ್ನು ಮೊದಲು ಎಂಟು ಜಿಲ್ಲೆಗಳಲ್ಲಿ ಶುರು ಮಾಡಿದಾಗ ನಮ್ಮ ಸೊಲ್ಲಾಪುರವೂ ಅದರಲ್ಲಿ ಒಂದಾಗಿತ್ತು. 2017ರಲ್ಲಿ ಅದಕ್ಕೆ ಮಹಾತ್ಮಾ ಜ್ಯೋತಿರಾವ್ ಫುಲೆ ಅವರ ಹೆಸರು ಬಂತು. 2018ರ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ ಬಂತು. ಒಂದೂವರೆ ಲಕ್ಷದ ಮಿತಿ ಐದು ಲಕ್ಷವಾಯಿತು. 2024ರಿಂದ 70 ದಾಟಿದ ಹಿರಿಯರಿಗೆ ಆದಾಯ ಎಷ್ಟಿದ್ದರೂ ಆಯುಷ್ಮಾನ್ ಕಾರ್ಡ್ ಸಿಗುತ್ತದೆ. ಇದೆಲ್ಲ ಒಳ್ಳೆಯದೇ. ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್ ಎಂದು ಹೊಲ ಮಾರಬೇಕಾಗಿದ್ದ ಎಷ್ಟೋ ಮನೆಗಳು ಇದರಿಂದ ಉಳಿದಿವೆ. ಅದಕ್ಕಾಗಿ ದೇವರಿಗೆ ಸ್ತೋತ್ರ.

ಆದರೆ ಈ ಕಾರ್ಡ್ ಕೆಲಸ ಮಾಡುವುದು ದೊಡ್ಡ ಚಿಕಿತ್ಸೆಗೆ, ಜೋಡಣೆಯಾದ ಆಸ್ಪತ್ರೆಯಲ್ಲಿ ಮಾತ್ರ. ಆಯುಷ್ಮಾನ್ ನಿಯಮದ ಪ್ರಕಾರ ದಾಖಲಾಗುವ ಮುಂಚಿನ ಮೂರು ದಿನ ಮತ್ತು ಬಿಡುಗಡೆಯಾದ ನಂತರದ ಹದಿನೈದು ದಿನದ ಖರ್ಚೂ ಅದರಲ್ಲಿ ಸೇರುತ್ತದೆ. ಊರ ಡಾಕ್ಟರರ ಫೀಸು, ತಿಂಗಳ ಗುಳಿಗೆ, ರಕ್ತ ಪರೀಕ್ಷೆ ಸೇರುವುದಿಲ್ಲ. ಅಂದರೆ ಅವ್ವ ಬಿಪಿ ಗುಳಿಗೆ ತಪ್ಪದೆ ನುಂಗಿ ನೆಟ್ಟಗೆ ನಡೆದಾಡುವಷ್ಟು ದಿನ ಈ ಕಾರ್ಡಿಗೆ ಅವರು ಕಾಣುವುದೇ ಇಲ್ಲ. ದುಡ್ಡಿಲ್ಲದೆ ಗುಳಿಗೆ ಬಿಟ್ಟು, ಲಕ್ವಾ ಹೊಡೆದು, ಸುಮಾರು ನಲವತ್ತು ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೊತ್ತೊಯ್ದಾಗ ಮಾತ್ರ ಕಾರ್ಡಿಗೆ ಜೀವ ಬರುತ್ತದೆ. ಕೆಲವು ನೂರು ರೂಪಾಯಿಗೆ ತಡೆಯಬಹುದಾದ ಕಾಯಿಲೆಗೆ ಲಕ್ಷ ಸುರಿಯಲು ತಯಾರಿರುವ ಲೆಕ್ಕವಿದು. ಬಡವರ ಹೆಸರಿನಲ್ಲಿ ಮಾಡಿದ ಈ ಲೆಕ್ಕ ತಪ್ಪು ಎಂದು ನಾವು ಗಟ್ಟಿಯಾಗಿಯೇ ಹೇಳುತ್ತೇವೆ.

ಸಂತ ಲೂಕರು ಬರೆದ ಒಳ್ಳೆಯ ಸಮಾರ್ಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಅವನು ಗಾಯಗೊಂಡವನನ್ನು ನೇರವಾಗಿ ಛತ್ರಕ್ಕೆ ಸೇರಿಸಲಿಲ್ಲ. ಮೊದಲು ದಾರಿಯಲ್ಲೇ ಮೊಣಕಾಲೂರಿ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಛತ್ರದವನಿಗೆ ನಾಣ್ಯ ಕೊಟ್ಟಿದ್ದು ಆಮೇಲೆ. ನಮ್ಮ ಸರ್ಕಾರ ಛತ್ರದ ಬಿಲ್ಲನ್ನು ಮಾತ್ರ ಹಿಡಿದುಕೊಂಡು, ಎಣ್ಣೆಯ ಖರ್ಚನ್ನು ಗಾಯಗೊಂಡವನ ತಲೆಗೇ ಕಟ್ಟಿದೆ.

"ಸರ್ಕಾರಿ ದವಾಖಾನೆ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಇದೆ. ಅಕ್ಕಲಕೋಟದಲ್ಲಿ ಗ್ರಾಮೀಣ ಆಸ್ಪತ್ರೆ ಇದೆ, ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. 2023ರ ಆಗಸ್ಟ್ 15ರಿಂದ ರಾಜ್ಯದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಖಂಡಿತ ಹೋಗಬೇಕು, ನಾವೂ ಕರೆದುಕೊಂಡು ಹೋಗುತ್ತೇವೆ. ಆದರೆ ಬೆಳಗಿನ ಚೀಟಿಗೆ ನಿಂತರೆ ಆ ದಿನದ ಪಗಾರ ಹೋಯಿತು. ಕೂಲಿ ಮುಗಿಸಿ ಸಂಜೆ ಏಳಕ್ಕೆ ಬರುವವರಿಗೆ ಬಾಗಿಲು ತೆರೆದಿರುವುದು ಓಣಿಯ ಡಾಕ್ಟರರದೇ. ಮನೆಯಲ್ಲಿ ಯಾರಿಗೆ ಯಾವ ಗುಳಿಗೆ ಆಗುವುದಿಲ್ಲ ಎಂದು ಗೊತ್ತಿರುವವರೂ, ಅವ್ವನ ಕನ್ನಡದಲ್ಲೇ ಅವ್ವನ ನೋವು ಕೇಳುವವರೂ ಅವರೇ.

"ಸಣ್ಣ ಡಾಕ್ಟರರಿಗೆ ಸರ್ಕಾರ ದುಡ್ಡು ಕೊಟ್ಟರೆ ಸುಳ್ಳು ಬಿಲ್ಲು ಹುಟ್ಟುತ್ತವೆ" ಎಂಬ ಮಾತೂ ಇದೆ. ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಶುರುವಾದ ಕಾರ್ಮಿಕರ ಇ.ಎಸ್.ಐ. ಯೋಜನೆ ಮಹಾರಾಷ್ಟ್ರಕ್ಕೆ ಬಂದಾಗ ಪ್ಯಾನೆಲ್ ಡಾಕ್ಟರ್ ಪದ್ಧತಿ ತಂದಿತು. ಕಾರ್ಮಿಕ ತನ್ನ ಹತ್ತಿರದ ಡಾಕ್ಟರರ ಬಳಿ ಹೆಸರು ಬರೆಸುತ್ತಾನೆ, ಡಾಕ್ಟರರಿಗೆ ತಲೆಗಿಷ್ಟು ಎಂದು ವರ್ಷಕ್ಕೆ ಹಣ ಬರುತ್ತದೆ. ಸೂಜಿಗೊಂದು ಬಿಲ್ಲಿಲ್ಲ, ಆದ್ದರಿಂದ ಸುಳ್ಳು ಸೂಜಿಯೂ ಬೇಕಿಲ್ಲ. ಬ್ರಿಟನ್ 1948ರಿಂದ ಕುಟುಂಬ ವೈದ್ಯರಿಗೆ ಹೆಚ್ಚಾಗಿ ಹೀಗೇ ಕೊಡುತ್ತ ಬಂದಿದೆ. 2002ರಲ್ಲಿ ಥಾಯ್ಲೆಂಡ್ ತನ್ನ 30 ಬಾತ್ ಯೋಜನೆಯಲ್ಲಿ ಹೊರರೋಗಿಗಳನ್ನೂ ತಲೆಲೆಕ್ಕದಲ್ಲೇ ಸೇರಿಸಿತು. ಗಿರಣಿ ಕಾರ್ಮಿಕನಿಗೆ ಕೊಟ್ಟದ್ದನ್ನು ಹೊಲದ ಕೂಲಿಯವಳಿಗೆ ಯಾಕೆ ಕೊಡಬಾರದು? ಜೊತೆಗೆ ಒಂದು ಷರತ್ತು: ಹಣ ವೇಳೆಗೆ ಸರಿಯಾಗಿ ಬರಬೇಕು. ಬಾಕಿ ತಡವಾಗುತ್ತದೆ ಎಂಬುದು ದೊಡ್ಡ ಆಸ್ಪತ್ರೆಗಳದೇ ಹಳೆಯ ದೂರು. ಒಬ್ಬರೇ ನಡೆಸುವ ದವಾಖಾನೆ ಅಷ್ಟು ದಿನ ತಾಳಲಾರದು.

ನಮ್ಮ ಗಡಿಯ ರಾಜಕೀಯವನ್ನೂ ನೋಡಿ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಸೊಲ್ಲಾಪುರ, ಅಕ್ಕಲಕೋಟದ ಕನ್ನಡ ಪ್ರದೇಶ ತಮಗೆ ಸೇರಬೇಕು ಎಂದರು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ 865 ಗಡಿ ಹಳ್ಳಿಗಳಿಗೆ ತನ್ನ ಆರೋಗ್ಯ ಯೋಜನೆ ಕೊಡುತ್ತೇನೆ ಎಂದಿತು, ಕರ್ನಾಟಕ ಸಿಟ್ಟಾಯಿತು. ಆಚೆಯವರ ಹಳ್ಳಿಗೆ ಕಾರ್ಡ್ ಹಂಚುವ ಉತ್ಸಾಹದಲ್ಲಿ ಅರ್ಧದಷ್ಟಾದರೂ ಈಚೆಯವರ ಗುಳಿಗೆಯ ಮೇಲೆ ಇದ್ದಿದ್ದರೆ ಅವ್ವ ಮೆಟ್ಟಿಲ ಮೇಲೆ ಕೂರುತ್ತಿರಲಿಲ್ಲ.

ಬೇರೆಯವರನ್ನು ಬಯ್ದು ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾರ್ಡ್ ಶಿಬಿರ ಮಾಡಿ, ಫೋಟೋ ತೆಗೆದು, ಕೆಲಸ ಮುಗಿಯಿತು ಎಂದುಕೊಂಡವರು ನಾವು. ಇನ್ನು ಮುಂದೆ ಪ್ರತಿ ಶಿಬಿರದಲ್ಲಿ ಕಾರ್ಡ್ ಏನು ಮಾಡುತ್ತದೆ ಎಂಬುದರ ಜೊತೆ ಏನು ಮಾಡುವುದಿಲ್ಲ ಎಂಬುದನ್ನೂ ಕನ್ನಡದಲ್ಲಿ ಹೇಳೋಣ. ನಮ್ಮ ಧರ್ಮಕೇಂದ್ರದ ಹಿರಿಯರಲ್ಲಿ ಯಾರ ಗುಳಿಗೆ ಯಾವಾಗ ಮುಗಿಯುತ್ತದೆ ಎಂದು ಒಂದು ವಹಿ ಇಟ್ಟು, ಸರದಿಯಂತೆ ಒಬ್ಬೊಬ್ಬರು ಆರೋಗ್ಯ ಕೇಂದ್ರಕ್ಕೆ ಜೊತೆಯಾಗೋಣ. ಗ್ರಾಮಸಭೆಯಲ್ಲಿ, ಓಟು ಕೇಳಲು ಬಂದವರ ಮುಂದೆ ಒಂದೇ ಪ್ರಶ್ನೆ ಇಡೋಣ: ಊರ ಡಾಕ್ಟರರನ್ನು ಯೋಜನೆಗೆ ಸೇರಿಸುವುದು ಯಾವಾಗ?

ಯಾಜಕನೂ ಲೇವಿಯನೂ ಆ ದಾರಿಯಲ್ಲಿ ಪಕ್ಕಕ್ಕೆ ಸರಿದು ಹೋದರು. ನಾವು ಕೈಗೆ ಒಂದು ಕಾರ್ಡ್ ಕೊಟ್ಟು ಪಕ್ಕಕ್ಕೆ ಸರಿದರೆ ಅವರಿಗಿಂತ ಹೆಚ್ಚೇನೂ ಮಾಡಿದಂತಾಗುವುದಿಲ್ಲ. ಅವ್ವನ ಪ್ರಶ್ನೆ ಹಾಗೇ ಇದೆ. ಬೀಳುವ ತನಕ ಅವರನ್ನು ಕಾಯಿಸಬಾರದು.