ಹಾಳೆಯ ಮೇಲಿನ ಗಂಧ, ಮೈಯ ಮೇಲಿನ ಗಂಧ

ಬಸವೇಶ್ವರನಗರದ ತಾಯಿಯೊಬ್ಬರು ಪತ್ರ ಬರೆದು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಉದ್ಯೋಗನಿಮಿತ್ತ ಪರದೇಶದಲ್ಲಿರುವ ಅವರ ಮಗಳು ಈ ಸಲ ರಜೆಗೆ ಬಂದಾಗ ತಂದೆಗೆಂದು ಶ್ರೀಗಂಧದ ಹೆಸರು ಹೊತ್ತ ಸುಗಂಧದ್ರವ್ಯದ ಶೀಷೆಯೊಂದನ್ನು ತಂದಳಂತೆ. ಅದರ ಬೆಲೆಯಲ್ಲಿ ಒಂದು ತಿಂಗಳ ದಿನಸಿ ಬರುತ್ತಿತ್ತೆಂದು ತಿಳಿದು ಮನೆಯವರು ದಂಗಾದರಂತೆ. ತಂದೆಯವರು ಒಮ್ಮೆ ಮೂಸಿ ನೋಡಿ, "ಇದರಲ್ಲಿ ಗಂಧವೆಲ್ಲಿದೆ?" ಎಂದವರೇ ಮುಚ್ಚಳ ಹಾಕಿ ಅಲಮಾರಿಯಲ್ಲಿಟ್ಟುಬಿಟ್ಟರು. ಅದರಲ್ಲಿ ಮದ್ಯಸಾರವಿದೆ, ಲಿಂಗಧಾರಿಗಳಿಗೆ ಸಲ್ಲದು ಎಂದೂ ಸೇರಿಸಿದರು. ಮಗಳು ಮನಸ್ಸು ನೋಯಿಸಿಕೊಂಡು ಹೊರಟುಹೋದಳು. ಶ್ರೀಗಂಧವೆಂದು ಮಾರುವುದರಲ್ಲಿ ಶ್ರೀಗಂಧ ಇದೆಯೇ, ಮತ್ತು ಅದನ್ನು ಮೈಗೆ ಹಚ್ಚಿಕೊಳ್ಳಬಹುದೇ ಎಂಬುದು ಆ ತಾಯಿಯ ಪ್ರಶ್ನೆ.

ಎರಡನೆಯದನ್ನು ಮೊದಲು ಮುಗಿಸೋಣ. ಶಾಸ್ತ್ರ ನಿಷೇಧಿಸಿರುವುದು ಮದ್ಯಪಾನವನ್ನು. ಸುಗಂಧದ್ರವ್ಯದಲ್ಲಿರುವ ಮದ್ಯಸಾರ ಕೇವಲ ವಾಹಕ. ಅದನ್ನು ಕುಡಿಯಲು ಬಾರದಂತೆ ಕೆಡಿಸಿಯೇ ಬಳಸುವುದು ಸಾಮಾನ್ಯ ರೂಢಿ. ಮೈಗೆ ಸೋಕಿದ ಕೆಲವೇ ನಿಮಿಷಗಳಲ್ಲಿ ಅದು ಆರಿಹೋಗುತ್ತದೆ. ವೈದ್ಯರು ಚುಚ್ಚುಮದ್ದು ಕೊಡುವ ಮುನ್ನ ಹಚ್ಚುವ ಅರಳೆಯನ್ನು ಯಾರೂ ಮೈಲಿಗೆಯೆಂದು ಒರೆಸಿಕೊಂಡದ್ದನ್ನು ನಾವು ಕಂಡಿಲ್ಲ. ಆದರೆ ಪೂಜೆಗೆ ಕುಳಿತುಕೊಳ್ಳುವ ಮುನ್ನ ಅದು ಬೇಡವೆಂದೇ ನಮ್ಮ ಅಭಿಪ್ರಾಯ. ಇದಕ್ಕೆ ಮಡಿ ಮೈಲಿಗೆಗಳು ಕಾರಣವಲ್ಲ. ಷಟ್‌ಸ್ಥಲ ಶಾಸ್ತ್ರದಲ್ಲಿ ಘ್ರಾಣೇಂದ್ರಿಯವನ್ನು ಆಚಾರಲಿಂಗಕ್ಕೆ ಮುಖವೆಂದು ಹೇಳಿ, ಗಂಧವನ್ನೇ ಅದಕ್ಕೆ ಅರ್ಪಿತವೆಂದು, ಪೃಥ್ವಿಯನ್ನೇ ಅದರ ತತ್ತ್ವವೆಂದು ನಿರೂಪಿಸಿದ್ದಾರೆ. ಭಕ್ತಸ್ಥಲವೆಂಬ ಮೊದಲ ಮೆಟ್ಟಿಲಿಗೇ ಮೂಗನ್ನು ಜೋಡಿಸಿರುವಾಗ ಅದನ್ನು ಕೀಳು ಇಂದ್ರಿಯವೆನ್ನಲಾಗದು. ಅರ್ಪಿಸುವ ಗಂಧವನ್ನು ಕೈಮೇಲಿನ ಬೇರೊಂದು ಕಂಪು ಮುಳುಗಿಸಬಾರದು, ಅಷ್ಟೆ. ಪೂಜೆ ಪ್ರಸಾದಗಳು ಮುಗಿದ ಮೇಲೆ ಹಚ್ಚಿಕೊಂಡರೆ ಆಕ್ಷೇಪವಿಲ್ಲ.

ಮೊದಲನೆಯ ಪ್ರಶ್ನೆಯೇ ನಿಜವಾಗಿ ದೊಡ್ಡದು. ಅದನ್ನು ರಾಜಾಜಿನಗರದ ನೆರೆಯಲ್ಲಿ ಕುಳಿತು ಬರೆಯುವುದು ಉಚಿತವೂ ಹೌದು. ಏಕೆಂದರೆ ಇದು ಗಂಧದ ಊರೇ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುವವರೆಗೂ ಮೈಸೂರು ಸೀಮೆಯ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿ ಕೊರಡುಗಳು ಗೋದಾಮಿನಲ್ಲಿ ರಾಶಿ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಏರ್ಪಾಡು ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ನಿಂತವು. 1918ರಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿಗೆ ಅದೇ ಎಣ್ಣೆಯನ್ನು ಬೆರೆಸಿದರು. 1957ರಲ್ಲಿ ಆ ಸಾಬೂನು ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದಿತು. 1980ರಲ್ಲಿ ಅದು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು. 2014ರ ಮಾರ್ಚಿಯಲ್ಲಿ ಮೆಟ್ರೋ ರೈಲು ಆ ಕಡೆಗೆ ಓಡತೊಡಗಿದಾಗ ಒಂದು ನಿಲ್ದಾಣಕ್ಕೆ ಕಾರ್ಖಾನೆಯ ಹೆಸರನ್ನೇ ಇಟ್ಟರು. ಸಾಬೂನಿನ ಹೆಸರಿನ ನಿಲ್ದಾಣ ಲೋಕದಲ್ಲಿ ಇನ್ನೆಷ್ಟಿವೆಯೋ! ಅಂದಹಾಗೆ ಆ ಸಾಬೂನಿನಲ್ಲಿಯೂ ಗಂಧ ಒಂಟಿಯಾಗಿಲ್ಲ. ಪಚೋಲಿ, ಲಾವಂಚ, ಕಿತ್ತಳೆ ಮೊದಲಾದ ಎಣ್ಣೆಗಳು ಜೊತೆಗಿವೆ. ನಮ್ಮ ಮನೆಗಳಲ್ಲಿ ಬಹುಮಂದಿ 'ಗಂಧದ ವಾಸನೆ' ಎಂದು ನೆನಪಿಟ್ಟುಕೊಂಡಿರುವುದು ಈ ಮಿಶ್ರಣವನ್ನು.

ಮಿಶ್ರಣವೆಂದ ಮಾತ್ರಕ್ಕೆ ಅದು ಮೋಸವಲ್ಲ. ನಮ್ಮ ಹಿರಿಯರು ಇದನ್ನು ಗಂಧಯುಕ್ತಿಯೆಂದು ಕರೆದು ಒಂದು ವಿದ್ಯೆಯಾಗಿಯೇ ಬೆಳೆಸಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಹದಿನಾರು ದ್ರವ್ಯಗಳನ್ನು ಚೌಕದ ಮನೆಗಳಲ್ಲಿಟ್ಟು, ನಾಲ್ಕು ನಾಲ್ಕನ್ನಾಗಿ ಆರಿಸಿ, ಅವುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ 1,74,720 ಪರಿಮಳಗಳನ್ನು ಪಡೆಯಬಹುದೆಂಬ ಲೆಕ್ಕವಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಕನ್ನಡ ಗ್ರಂಥ 'ಲೋಕೋಪಕಾರ' ವಾಸ್ತು, ಜಲಶೋಧ, ಪಾಕಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಅಧ್ಯಾಯವನ್ನು ಮೀಸಲಿಟ್ಟಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಲೇಪನ, ಧೂಪಗಳನ್ನು ಅರಸನ ಭೋಗಗಳ ಸಾಲಿನಲ್ಲಿಯೇ ಸೇರಿಸಿದ್ದಾನೆ. ಈಗ ಪ್ಯಾರಿಸ್ಸು ನ್ಯೂಯಾರ್ಕುಗಳಲ್ಲಿ ಮಾಡುವುದೂ ತತ್ತ್ವತಃ ಇದೇ ಕೆಲಸ.

ಪತ್ರ ಬಂದ ಮೇಲೆ, ಇಂಥ ದ್ರವ್ಯಗಳ ಹುಚ್ಚಿರುವ ವಿಜಯನಗರದ ಯುವಕನೊಬ್ಬನಿಗೆ ಹೇಳಿ ಕಳಿಸಿದೆವು. ದೊಡ್ಡ ಅಂಗಡಿಗಳ ಸರಕಿಗಿಂತ ಭಿನ್ನವಾಗಿ, ಆಯ್ದ ರುಚಿಯವರಿಗೆಂದು ಮಿತವಾಗಿ ತಯಾರಾಗುವ ಈ ಬಗೆಯನ್ನು 'ನೀಶ್' ಎನ್ನಬೇಕೆಂದು ಅವನೇ ನಮಗೆ ತಿದ್ದಿ ಹೇಳಿದ. ಮೂರು ಸಣ್ಣ ಶೀಷೆಗಳನ್ನು ತಂದಿದ್ದ. ಅವುಗಳ ಪಕ್ಕದಲ್ಲಿ ನಾವು ಸರ್ಕಾರಿ ಮಳಿಗೆಯಲ್ಲಿ ಕೊಂಡ ಶುದ್ಧ ಗಂಧದೆಣ್ಣೆಯನ್ನೂ ಕನೌಜಿನ ಮಣ್ಣಿನ ಅತ್ತರನ್ನೂ ಇಟ್ಟೆವು. ಮೊದಲು ಹಾಳೆಯ ಪಟ್ಟಿಗಳ ಮೇಲೆ, ಆಮೇಲೆ ದಿನಕ್ಕೆ ಒಂದರಂತೆ ಮುಂಗೈ ಮೇಲೆ.

'ತಾಮ್ ದಾವ್' ಎಂಬುದು ಪ್ಯಾರಿಸ್ಸಿನ ದಿಪ್ತೀಕ್ ಮನೆಯದು, 2003ರದು; ವಿಯೆಟ್ನಾಮಿನ ಬೆಟ್ಟವೊಂದರ ಹೆಸರು ಅದಕ್ಕೆ. ಹಾಳೆಯ ಮೇಲೆ ಒಣಗಿದ ದೇವದಾರು, ಸೈಪ್ರೆಸ್ ಮರಗಳ ಚೂರೇ ಮುಂದಾಗಿತ್ತು. ಕೈಮೇಲೆ ಅರ್ಧ ತಾಸಿನಲ್ಲಿ ಆ ಒರಟು ಸರಿದು, ಹೊಸದಾಗಿ ತೆರೆದ ಮರದ ಪೆಟ್ಟಿಗೆಯ ಹಿತವಾದ ವಾಸನೆ ಉಳಿಯಿತು. ಸಂಜೆಯ ಹೊತ್ತಿಗೆ ಏನೂ ಇರಲಿಲ್ಲ. 'ಸಾಂತಾಲ್ 33' ನ್ಯೂಯಾರ್ಕಿನ ಲೆ ಲಾಬೊದವರು 2011ರಲ್ಲಿ ಹೊರತಂದದ್ದು. ಇದು ಲೋಕಪ್ರಸಿದ್ಧವಂತೆ, ಮಿತವಾಗಿ ತಯಾರಿಸುವ ಮನೆಯೆಂಬ ಕೀರ್ತಿ ಉಳಿದಿದ್ದರೂ 2014ರಲ್ಲಿಯೇ ಅದನ್ನು ಎಸ್ಟೀ ಲಾಡರ್ ಎಂಬ ಬೃಹತ್ ಸಂಸ್ಥೆ ಕೊಂಡಿತು. ಏಲಕ್ಕಿ, ತೊಗಲು, ಹೂವಿನ ಪುಡಿ ಎಲ್ಲವೂ ಅದರಲ್ಲಿವೆ. ಹಾಳೆಯ ಮೇಲೆ ಸೊಗಸಾಗಿತ್ತು. ನಮ್ಮ ಕೈಮೇಲೆ ಮಾತ್ರ ಉಪ್ಪಿನಕಾಯಿ ಜಾಡಿಯ ಹುಳಿ ಎದ್ದಿತು; ಅದೇ ಶೀಷೆಯದು ಆ ಯುವಕನ ಕೈಮೇಲೆ ಏಲಕ್ಕಿಯಾಗಿಯೇ ಉಳಿಯಿತು. ಮೂರನೆಯದರ ಹೆಸರೇ 'ಸಾಂತಾಲ್ ದ ಮೈಸೋರ್', ಎಂದರೆ ಮೈಸೂರಿನ ಗಂಧ. ಸರ್ಜ್ ಲ್ಯೂತೆನ್ಸ್ ಎಂಬಾತನ ಮನೆಯದು. ಹಚ್ಚಿದೊಡನೆ ಜೀರಿಗೆಯ ಘಾಟು. ನಮ್ಮ ಮನೆಯವರು ಒಳಗಿನಿಂದಲೇ, ಸಾರಿನ ಪುಡಿ ಹುರಿಯುತ್ತಿರುವವರು ಯಾರೆಂದು ಕೇಳಿದರು. ಒಂದು ತಾಸು ತಾಳಿದ ಮೇಲೆ ಘಾಟು ಇಳಿದು, ಬೆಲ್ಲದ ಪಾಕದಂಥ ಸಿಹಿಯ ಹಿಂದೆ ಮರದ ನಯ ಕಾಣಿಸಿಕೊಂಡಿತು. ಮೂರರಲ್ಲಿ ಅತ್ಯಂತ ಜಾಣತನದ ರಚನೆ ಇದೇ ಎಂದು ನಮಗೆ ತೋರಿತು. ಆದರೆ ಮೈಸೂರಿನವರು ಇದನ್ನು ಮೂಸಿ ತಮ್ಮ ಊರೆಂದು ಗುರುತಿಸುವುದು ಕಷ್ಟ.

ಇನ್ನು ಶುದ್ಧ ಎಣ್ಣೆ. ಹಾಳೆಯ ಮೇಲೆ ಅದು ಬಹುಮಟ್ಟಿಗೆ ಮೌನ. ಅಂಗಡಿಯಲ್ಲಿ ಮೂಸಿ ಕೊಳ್ಳುವವರು ಇದನ್ನು ಕೈಬಿಟ್ಟು ಬೇರೆಯದನ್ನೇ ಕೊಂಡಾರು. ಮುಂಗೈಗೆ ಒಂದು ತೊಟ್ಟು ಸವರಿದಾಗಲೂ ಮೊದಲ ಹತ್ತು ನಿಮಿಷ ಹಸಿಮರದ ಮಂದ ವಾಸನೆ. ಬಳಿಕ ಮೈಯ ಶಾಖಕ್ಕೆ ಅದು ಮೆಲ್ಲಗೆ ಅರಳುತ್ತದೆ: ಕಾಯಿಸಿದ ಹಾಲಿನ ಕೆನೆಯಂಥ ನಯ, ಅದರೊಳಗೊಂದು ತಂಪು. ಬೆಳಿಗ್ಗೆ ಹಚ್ಚಿದ್ದು ರಾತ್ರಿ ಮಲಗುವಾಗಲೂ ಇತ್ತು, ಮರುದಿನ ಅಂಗಿಯ ತೋಳಿನಲ್ಲೂ ಇತ್ತು. ಕಾರಣ ಸರಳ. ಅದರಲ್ಲಿರುವ ಸ್ಯಾಂಟಲಾಲ್‌ಗಳೆಂಬ ಘಟಕಗಳು ಭಾರವಾದವು, ನಿಧಾನವಾಗಿ ಆವಿಯಾಗತಕ್ಕವು. ಅಂತರರಾಷ್ಟ್ರೀಯ ಮಾನಕದಂತೆ ಒಳ್ಳೆಯ ಗಂಧದೆಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡ 16ರಿಂದ 24 ಇರಬೇಕು. ನಿಂಬೆ ಕಿತ್ತಳೆಗಳ ಎಣ್ಣೆ ಹಗುರ, ಕಾಲು ತಾಸಿನಲ್ಲಿ ಹಾರಿಹೋಗುತ್ತದೆ, ಹೂವಿನವು ನಡುವಿನವು, ಗಂಧ, ಲಾವಂಚ, ರಾಳಗಳು ಕೊನೆಯವರೆಗೆ ನಿಲ್ಲುವವು. ಅಂಗಡಿಯವನು ಹಾಳೆಯನ್ನು ಮೂಗಿನ ಮುಂದೆ ಆಡಿಸುವಾಗ ನಾವು ಕೊಳ್ಳುವುದು ಆ ಹಾರಿಹೋಗುವ ಭಾಗವನ್ನು. ಮನೆಗೆ ಬಂದು ಬಾಳುವುದು ಉಳಿದದ್ದರ ಜೊತೆ.

ಕನೌಜಿನ ಅತ್ತರು ಈ ಮಾತಿಗೆ ಇನ್ನೊಂದು ನಿದರ್ಶನ. ಒಣಮಣ್ಣಿನ ಹೆಂಟೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯಿಂದ ಗಂಧದೆಣ್ಣೆಯಿರುವ ಪಾತ್ರೆಗೆ ಇಳಿಸುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಮೊದಲ ಮಳೆಯ ಮಣ್ಣಿನ ಕಂಪಿಗೆ ಹೊಸ ಹೆಸರು ಕೊಟ್ಟು ಲೇಖನ ಬರೆದಾಗ ಈ ಭಾರತೀಯ ಅತ್ತರನ್ನೂ ಸ್ಮರಿಸಿದ್ದರು. ಕೈಮೇಲೆ ಅದು ಮೊದಲು ಮುಂಗಾರಿನ ಅಂಗಳ. ಎರಡು ತಾಸಿನ ಮೇಲೆ ಮಣ್ಣು ಆರಿ ಗಂಧ ಮಾತ್ರ. ಪೃಥ್ವಿಗೆ ಗಂಧವೇ ಗುಣವೆಂದ ಶಾಸ್ತ್ರಕಾರರಿಗೆ ಇದನ್ನು ತೋರಿಸಬೇಕಿತ್ತು ಎನಿಸಿತು.

ಒಂದೇ ದ್ರವ್ಯ ಇಬ್ಬರ ಮೈಮೇಲೆ ಎರಡಾಗುವುದೇಕೆ? ಎಣ್ಣೆಯ ಅಂಶವಿರುವ ಚರ್ಮ ಪರಿಮಳವನ್ನು ಹಿಡಿದಿಡುತ್ತದೆ, ಒಣಚರ್ಮ ಬೇಗ ಬಿಟ್ಟುಕೊಡುತ್ತದೆ. ವಯಸ್ಸಾದಂತೆ ಚರ್ಮ ಒಣಗುವುದರಿಂದ ಮಗಳ ಕೈಮೇಲೆ ಮಧ್ಯಾಹ್ನದವರೆಗೆ ನಿಂತದ್ದು ತಂದೆಯ ಕೈಮೇಲೆ ಹತ್ತು ಗಂಟೆಗೇ ಮುಗಿಯಬಹುದು. ನಮ್ಮೂರಿನ ಮಾಘ ಫಾಲ್ಗುಣಗಳ ಒಣಹವೆಯಲ್ಲಿ ಇದು ಇನ್ನೂ ಬೇಗ. ವೈಶಾಖದ ಬೆವರಿನಲ್ಲಿ ಎಲ್ಲವೂ ಒಮ್ಮೆಗೇ ಎದ್ದು ಪಕ್ಕದವರಿಗೆ ತಲೆನೋವಾಗುತ್ತದೆ. ಮೂಗೂ ಮೂಗೂ ಒಂದೇ ಅಲ್ಲ. ಕೆಲವು ಕಸ್ತೂರಿಯಂಥ ಕೃತಕ ಕಂಪುಗಳು ಕೆಲವರಿಗೆ ಗೋಚರವೇ ಆಗುವುದಿಲ್ಲ. ಮೇಲಾಗಿ, ಹಚ್ಚಿಕೊಂಡವನ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ವಾಸನೆ ಹೋಯಿತೆಂದು ಮತ್ತೆ ಸುರಿದುಕೊಂಡು ಮೆಟ್ರೋ ಹತ್ತುವ ಹುಡುಗರಿಗೆ ಇದನ್ನು ಯಾರಾದರೂ ತಿಳಿಹೇಳಬೇಕು. ಕೆಂಗೇರಿಯ ಕಡೆಯಿಂದ ದಿನವೂ ವೃಷಭಾವತಿಯನ್ನು ದಾಟಿ ಬರುವವರಿಗೂ ಹೀಗೆಯೇ ಒಗ್ಗಿಹೋಗಿದೆ. ಒಂದು ಕಾಲದ ತಿಳಿನೀರಿನ ಹೊಳೆ ಇಂದು ಕೊಳಚೆಯ ಕಾಲುವೆಯಾಗಿ ನಾರುತ್ತಿದ್ದರೂ ಹೊಸಬರಷ್ಟೇ ಮೂಗು ಮುಚ್ಚಿಕೊಳ್ಳುತ್ತಾರೆ.

ಇನ್ನು ತಂದೆಯವರ ಪ್ರಶ್ನೆ: ಗಂಧವೆಲ್ಲಿದೆ? ಅವರ ಮೂಗು ಸುಳ್ಳು ಹೇಳಿಲ್ಲ. ಗಂಧದ ಮರ ಅರೆಪರಾವಲಂಬಿ; ನೆರೆಯ ಗಿಡಗಳ ಬೇರಿಗೆ ತನ್ನ ಬೇರು ಜೋಡಿಸಿಯೇ ಬಾಳುತ್ತದೆ. ಹೊರಗಿನ ಬಿಳಿಮರಕ್ಕೆ ಪರಿಮಳವಿಲ್ಲ. ಒಳಗಿನ ಚೇಗು ಬಲಿತು ಒಳ್ಳೆಯ ಎಣ್ಣೆ ತುಂಬಲು ಎರಡು ಮೂರು ದಶಕಗಳೇ ಬೇಕು. ಹಳೆಯ ಕಾನೂನಿನಲ್ಲಿ ಮರ ಯಾರ ಹೊಲದಲ್ಲಿದ್ದರೂ ಸರ್ಕಾರದ ಸೊತ್ತು; ಹಾಗಾಗಿ ರೈತ ಅದನ್ನು ಬೆಳೆಸುವುದಕ್ಕಿಂತ ಸಸಿಯಲ್ಲೇ ಕಿತ್ತರೆ ಕ್ಷೇಮವೆಂದುಕೊಂಡ. 2001ರ ತಿದ್ದುಪಡಿಯಿಂದ ಜಮೀನಿನ ಒಡೆಯನಿಗೇ ಮರದ ಒಡೆತನ ಬಂದಿತು. ಅಷ್ಟರೊಳಗೆ ಕಳ್ಳಸಾಗಣೆಯೂ ಸ್ಪೈಕ್ ರೋಗವೂ ಕಾಡನ್ನು ಬರಿದು ಮಾಡಿದ್ದವು. 1998ರಲ್ಲಿ ಈ ಮರವನ್ನು ಜಾಗತಿಕ ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಜಾತಿಯೆಂದು ಸೇರಿಸಿದರು. ಈಗ ನಮ್ಮದೇ ಜಾತಿಯ ಗಂಧ ಆಸ್ಟ್ರೇಲಿಯಾದ ಉತ್ತರಭಾಗದಲ್ಲಿ ತೋಟದ ಬೆಳೆ. ಅಲ್ಲಿನ ಕಾಡುಗಂಧ ಬೇರೆ ಜಾತಿ. ಸ್ಯಾಂಟಲಾಲ್ ಕಡಿಮೆ, ಒಣಗು ಹೆಚ್ಚು. 'ಸಾಂತಾಲ್ 33'ಕ್ಕೆ ಬಳಸುವುದು ಆ ದೇಶದ ಗಂಧವನ್ನು. ಇವೆಲ್ಲದರ ಜೊತೆಗೆ ಪ್ರಯೋಗಶಾಲೆಯ ಗಂಧಗಳಿವೆ. ಜಾವನಾಲ್, ಪಾಲಿಸ್ಯಾಂಟಾಲ್ ಎಂದು ಅವಕ್ಕೆ ಹೆಸರು. ಅವು ಬಲವಾದವು, ಅಗ್ಗವಾದವು, ಮರ ಕಡಿಯದೆ ದೊರಕುವಂಥವು. 1989ರ ಪ್ರಸಿದ್ಧ 'ಸಂಸಾರ'ದಲ್ಲಿ ಗೆರ್ಲೇನ್ ಮನೆಯವರು ಮೈಸೂರಿನ ಎಣ್ಣೆಯ ಜೊತೆಗೆ ಇಂಥದನ್ನೂ ಸೇರಿಸಿದ್ದರು. ಇವನ್ನು ನಕಲಿಯೆಂದು ಹಳಿಯಲು ನಮಗೆ ಮನಸ್ಸಾಗದು, ಮರ ಉಳಿಯಲು ಅವೂ ಕಾರಣ. ನಮ್ಮ ತಕರಾರಿರುವುದು ಹೆಸರಿನ ಬಗ್ಗೆ. ಮೈಸೂರು ಗಂಧದೆಣ್ಣೆಗೂ ಸಾಬೂನಿಗೂ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಪ್ಯಾರಿಸ್ಸಿನ ಶೀಷೆಯ ಮೇಲೆ ಮೈಸೂರು ಎಂದು ಬರೆದವರು ಒಳಗೆ ಎಷ್ಟು ಮೈಸೂರಿದೆಯೆಂದೂ ಬರೆಯಬೇಕಿತ್ತು.

ಆದ್ದರಿಂದ ಬಸವೇಶ್ವರನಗರದ ಹಿರಿಯರಲ್ಲಿ ನಮ್ಮ ವಿನಂತಿ: ಅದು ನಮ್ಮ ಪೂಜೆಯ ಗಂಧವಲ್ಲ ಎಂಬ ತಮ್ಮ ನಿರ್ಣಯ ಸರಿ. ಆದರೆ ಮಗಳು ತಂದದ್ದು ಪೂಜೆಗಲ್ಲ. ಗಂಧವೆಂದರೆ ತಂದೆಗೆ ಪ್ರೀತಿಯೆಂದು ನೆನೆದು ತಂದದ್ದು. ಸ್ನಾನವಾದ ಮೇಲೆ ಮೈ ಇನ್ನೂ ತುಸು ತೇವವಿರುವಾಗ, ಬೇಕಿದ್ದರೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಮುಂಗೈಗೆ ಒಂದೇ ಸಲ ಚಿಮುಕಿಸಿಕೊಳ್ಳಿ. ತಿಕ್ಕಬೇಡಿ. ಎರಡು ತಾಸು ಕಳೆದ ಮೇಲೆ ಮೂಸಿ, ಆಗ ಮಗಳಿಗೆ ಫೋನು ಮಾಡಿ ನಿಜವಾದ ಅಭಿಪ್ರಾಯ ತಿಳಿಸಿ. ಚೆನ್ನಾಗಿಲ್ಲವೆಂದರೂ ಅವಳಿಗೆ ಅಷ್ಟು ನೋವಾಗದು; ಬೀಗ ಹಾಕಿದ್ದು ನೋವು.

ಮನೆಯಲ್ಲಿ ಗಂಧದ ಕೊರಡಿಲ್ಲದವರು ಈಚೆಗೆ ಹೆಚ್ಚು. ಡಬ್ಬಿಯ ಪುಡಿಗೆ ನೀರು ಕಲಸಿ ಪೂಜೆಗೆ ಇಡುತ್ತಾರೆ. ಆ ಪುಡಿಗಳಲ್ಲಿ ಹಲವು ಬರಿಯ ಮರದ ಹೊಟ್ಟಿಗೆ ಕಂಪು ಹಾಕಿದಂಥವು. ಕೈಬೆರಳಿನಷ್ಟು ಕೊರಡನ್ನು ಸರ್ಕಾರಿ ಮಳಿಗೆಯಲ್ಲಿ ರಸೀದಿ ಸಹಿತ ಕೊಂಡರೆ ದಿನಕ್ಕೆ ನಾಲ್ಕು ಸುತ್ತು ತೇಯ್ದರೂ ವರ್ಷಗಟ್ಟಲೆ ಬರುತ್ತದೆ. ಮಠದಲ್ಲಿ ಓದುವಾಗ ತೇಯುವ ಸರದಿ ನಮ್ಮ ಪಾಲಿಗೆ ವಾರಕ್ಕೆರಡು ದಿನ ಬರುತ್ತಿತ್ತು. ನೀರು ಹೆಚ್ಚಾದರೆ ಗಂಧ ತೆಳುವಾಗಿ ಬೇಗ ಒಣಗಿ ಉದುರುತ್ತದೆ. ಹನಿಹನಿಯಾಗಿ ಹಾಕುತ್ತ, ಕೊರಡನ್ನು ಒಂದೇ ದಿಕ್ಕಿಗೆ ಸುತ್ತಿಸುತ್ತ, ಬೆರಳಿಗೆ ಬೆಣ್ಣೆಯಂತೆ ಹತ್ತುವವರೆಗೆ ತೇಯಬೇಕು. ಮುಗಿದ ಮೇಲೆ ಕೊರಡನ್ನು ಒರೆಸಿ ನೆರಳಲ್ಲಿ ಆರಿಸಿಡಿ, ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ.