ಅರ್ಹತೆಯ ಮಾತು ನಿಯಮದಲ್ಲಿರಲಿ



ಕನ್ನಡ ಮಾಧ್ಯಮದ ಶಾಲೆಗೆ ಕನ್ನಡವನ್ನರಿಯದ ಅಧ್ಯಾಪಕರು ನೇಮಕದ ಆಜ್ಞೆಯೊಡನೆ ಬಂದು ನಿಂತಾಗ ನಮ್ಮ ಊರುಗಳಲ್ಲಿ ಆಗುವುದೇನು? ತಾಯಿತಂದೆಗಳು ಶಾಲೆಯ ಬಾಗಿಲಿಗೆ ಬರುತ್ತಾರೆ. ಮಕ್ಕಳು ತರಗತಿಯಿಂದ ಹೊರಗೆ ಬಂದು ಕುಳಿತುಕೊಳ್ಳುತ್ತಾರೆ. ಮನವಿಪತ್ರಗಳು ತಿರುವನಂತಪುರಕ್ಕೆ ಹೋಗುತ್ತವೆ. ಕಡೆಗೆ ಯಾರೋ "ಕೋರ್ಟಿಗೆ ಹೋಗೋಣ" ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳು ಇದನ್ನು ಮತ್ತೆ ಮತ್ತೆ ಕಂಡಿವೆ. ಕೋರ್ಟಿಗೆ ಹೋಗುವುದು ತಪ್ಪಲ್ಲ. ಆದರೆ ನ್ಯಾಯಾಲಯವು ಯಾವುದನ್ನು ಪರಿಶೀಲಿಸುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದನ್ನರಿಯದೆ ಹೋದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಈ ವಿಷಯದ ಮೊದಲ ಪಾಠ ನಮ್ಮ ಮೈಸೂರಿನಿಂದಲೇ ಬಂದುದು. ಮೈಸೂರು ವಿಶ್ವವಿದ್ಯಾನಿಲಯವು ಇಂಗ್ಲಿಷ್ ರೀಡರ್ ಹುದ್ದೆಗೆ ಮಾಡಿದ ನೇಮಕವನ್ನು, ಅಭ್ಯರ್ಥಿಗೆ ನಿಗದಿತ ವಿದ್ಯಾರ್ಹತೆಯಿಲ್ಲವೆಂದು, ಮೈಸೂರು ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ೧೯೬೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ವಿದ್ಯಾರ್ಹತೆಯನ್ನು ತೂಗಿ ನೋಡುವ ಕೆಲಸ ತಜ್ಞರದು. ತಜ್ಞರ ಮಂಡಲಿಯು ದುರುದ್ದೇಶವಿಲ್ಲದೆ ಅಭಿಪ್ರಾಯ ಕೊಟ್ಟಿರುವಲ್ಲಿ ನ್ಯಾಯಾಲಯವು ಕೈಹಾಕಲು ಅವಸರಪಡಬಾರದು ಎಂಬುದು ಆ ತೀರ್ಪಿನ ಸಾರ. ಇಂದಿಗೂ ಇಂಥ ಪ್ರತಿಯೊಂದು ವ್ಯಾಜ್ಯದಲ್ಲಿ ಸರಕಾರದ ವಕೀಲರು ಮೊದಲು ಎತ್ತಿ ಹಿಡಿಯುವುದು ಇದನ್ನೇ.

ಹಾಗಾದರೆ ನ್ಯಾಯಾಲಯದ ಬಾಗಿಲು ಮುಚ್ಚಿತೇ? ಇಲ್ಲ. ಎರಡನೆಯ ಪಾಠ ಕೇರಳದಿಂದಲೇ ಬಂದಿದೆ. ವಿದ್ಯುತ್ ಮಂಡಲಿಯ ಸಬ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಕೇಳಿದಲ್ಲಿ ಎಂಜಿನಿಯರಿಂಗ್ ಪದವೀಧರರು ಅರ್ಜಿ ಹಾಕಿದರು. ಕೇರಳ ಲೋಕಸೇವಾ ಆಯೋಗವು ಅವರನ್ನು ಅನರ್ಹರೆಂದಿತು. ವ್ಯಾಜ್ಯವು ದಿಲ್ಲಿಯವರೆಗೆ ಹೋಗಿ, ಪದವೀಧರರ ವಾದಕ್ಕೇ ಜಯವಾಯಿತು. ಕಾರಣವೇನು? ಕೇರಳದ ೧೯೫೮ರ ಸೇವಾ ನಿಯಮಗಳ ಹತ್ತನೆಯ ನಿಯಮದಲ್ಲಿ, ಕೆಳಗಿನ ಅರ್ಹತೆಯನ್ನು ಒಳಗೊಂಡ ಮೇಲಿನ ಅರ್ಹತೆಯೂ ಸಾಕು ಎಂಬ ಒಂದು ವಾಕ್ಯವಿದೆ. ಜಮ್ಮು ಕಾಶ್ಮೀರದಲ್ಲಿಯೂ ಡಿಪ್ಲೊಮಾ ಪಡೆದವರು, ಐ.ಟಿ.ಐ. ಪ್ರಮಾಣಪತ್ರ ಕೇಳಿದ ಹುದ್ದೆಗೆ ಇದೇ ವಾದವನ್ನು ಹೂಡಿದರು. ಅಲ್ಲಿ ಅಂಥ ವಾಕ್ಯವಿರಲಿಲ್ಲ. ೨೦೧೮ರಲ್ಲಿ ಅವರು ಸೋತರು. ವಾದ ಒಂದೇ, ನ್ಯಾಯಾಲಯವೂ ಒಂದೇ; ನಿಯಮದ ಒಂದು ವಾಕ್ಯವು ಒಬ್ಬರನ್ನು ಗೆಲ್ಲಿಸಿತು, ಅದರ ಅಭಾವವು ಇನ್ನೊಬ್ಬರನ್ನು ಸೋಲಿಸಿತು.

ಬಂಧುಗಳೇ, ನಾವು ಅರಿಯಬೇಕಾದ ಮರ್ಮ ಇದೇ. ಅನ್ಯಾಯವಾಯಿತೆಂಬ ಕೂಗು ಎಷ್ಟೇ ಸತ್ಯವಾಗಿರಲಿ, ನ್ಯಾಯಾಲಯವು ಕೇಳುವ ಪ್ರಶ್ನೆ ಒಂದೇ: ನಿಯಮದಲ್ಲಿ ಏನಿದೆ? "ಕನ್ನಡ ಬಲ್ಲವರು" ಎಂಬ ಸಡಿಲ ಮಾತಿದ್ದರೆ, ಅಕ್ಷರಗಳನ್ನು ಕೂಡಿಸಿ ಓದುವವರೂ ಕನ್ನಡ ಬಲ್ಲವರೇ ಆಗುತ್ತಾರೆ. ತಜ್ಞರು ಹೌದೆಂದರೆ ನ್ಯಾಯಾಧೀಶರು ಸುಮ್ಮನಾಗುತ್ತಾರೆ. ಭಿನ್ನರಾಶಿಯನ್ನು, ಬಲ ಮತ್ತು ಚಲನೆಯನ್ನು, ಪಾಣಿಪತ್ತಿನ ಯುದ್ಧವನ್ನು ಹದಿಮೂರು ವರ್ಷದ ಮಗುವಿಗೆ ಕನ್ನಡದಲ್ಲಿ ತಿಳಿಯಹೇಳುವುದು ಬೇರೆ; ಅಂಗಡಿಯ ಫಲಕವನ್ನು ಓದುವುದು ಬೇರೆ. ಆದುದರಿಂದ ಕನ್ನಡ ಮಾಧ್ಯಮದಲ್ಲಿ ಕಲಿತಿರುವುದು, ಅಥವಾ ಆಯಾ ವಿಷಯವನ್ನು ಕನ್ನಡದಲ್ಲಿ ಬೋಧಿಸಬಲ್ಲರೆಂದು ಪರೀಕ್ಷೆಯಿಂದ ಸಿದ್ಧವಾಗಿರುವುದು ಅನಿವಾರ್ಯ ಅರ್ಹತೆಯೆಂದು ನಿಯಮದಲ್ಲಿಯೇ ಬರೆಯಬೇಕು. ಆ ಪರೀಕ್ಷಕರ ಮಂಡಲಿಯಲ್ಲಿ ಕನ್ನಡದ ಅಧ್ಯಾಪಕರು ಕುಳಿತಿರಬೇಕು.

"ಮೊದಲು ನೇಮಕವಾಗಲಿ, ಕನ್ನಡವನ್ನು ಆಮೇಲೆ ಕಲಿಯಬಹುದು" ಎಂಬ ಸಮಾಧಾನವನ್ನು ನಾವು ಕೇಳುತ್ತ ಬಂದಿದ್ದೇವೆ. ಇದನ್ನು ಅವರದೇ ತಕ್ಕಡಿಯಲ್ಲಿ ತೂಗೋಣ. ಅರ್ಜಿಯ ಕೊನೆಯ ದಿನದಂದು ಇಲ್ಲದ ಅರ್ಹತೆಯು ಅರ್ಹತೆಯೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೭ರಲ್ಲಿ ಸ್ಪಷ್ಟಪಡಿಸಿದೆ. ಕೊನೆಯ ದಿನ ಕಳೆದ ಮೇಲೆ ಪರೀಕ್ಷೆಯ ಫಲಿತಾಂಶ ಬಂದ ಬಡವನ ಮಗನ ಅರ್ಜಿಯನ್ನು ಇದೇ ನ್ಯಾಯದಿಂದ ತಿರಸ್ಕರಿಸುತ್ತಾರೆ. ಪದವಿಗೆ ಒಂದು ದಿನದ ರಿಯಾಯಿತಿಯಿಲ್ಲ. ಕನ್ನಡಕ್ಕೆ ಮಾತ್ರ ತಿಂಗಳುಗಟ್ಟಲೆ ರಿಯಾಯಿತಿಯೇ? ಅಧ್ಯಾಪಕರು ಕಲಿಯುವ ತನಕ ಕಾಯಲು ಹತ್ತನೆಯ ತರಗತಿಯ ಮಗುವಿಗೆ ಎರಡನೆಯ ಬಾಲ್ಯವಿದೆಯೇ?

"ಕನ್ನಡ ಬಲ್ಲ ಅಭ್ಯರ್ಥಿಗಳು ಸಾಲದೆ ಹೋದರೆ ಹುದ್ದೆ ಖಾಲಿ ಉಳಿಯುವುದಿಲ್ಲವೇ?" ಎಂಬುದು ಇನ್ನೊಂದು ಆಕ್ಷೇಪ. ಖಾಲಿ ಹುದ್ದೆಯನ್ನು ಸರಕಾರವು ತುಂಬಲೇಬೇಕು. ಖಾಲಿಯೆಂದು ಎಲ್ಲರಿಗೂ ಕಾಣುತ್ತದೆ. ಅರ್ಥವಾಗದ ಪಾಠದಿಂದ ತುಂಬಿದ ಹುದ್ದೆಯು ಕಡತದಲ್ಲಿ ತುಂಬಿಯೂ ತರಗತಿಯಲ್ಲಿ ಖಾಲಿಯಾಗಿಯೂ ಇರುತ್ತದೆ. ಅದನ್ನು ಯಾರೂ ಮತ್ತೆ ತುಂಬುವುದಿಲ್ಲ. ಬಂದ ಅಧ್ಯಾಪಕರನ್ನು ನಾವು ದ್ವೇಷಿಸಬೇಕಾಗಿಲ್ಲ. ತಪ್ಪು ಅಧಿಸೂಚನೆಯದು; ಅದರ ದಂಡವನ್ನು ತೆರುವವರು ಅವರೂ ನಮ್ಮ ಮಕ್ಕಳೂ.

೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದು, ೩೫೦-ಎ ವಿಧಿಯು ಹುಟ್ಟಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕು. ಗಡಿಯ ಗೆರೆ ಒಂದು ಕಡೆಗೆ ಸರಿದ ದಿನವೇ ಈ ವಚನವನ್ನೂ ಕೊಟ್ಟರು. ಗೆರೆಯನ್ನು ಅಕ್ಷರಶಃ ಪಾಲಿಸುವವರು ವಚನವನ್ನೂ ಅಕ್ಷರಶಃ ಪಾಲಿಸಲಿ. ಭಾಷೆಯನ್ನರಿತ ಅಧ್ಯಾಪಕರಿಲ್ಲದ ಸೌಕರ್ಯವು ನೀರಿಲ್ಲದ ಬಾವಿಗೆ ಕಟ್ಟೆ ಕಟ್ಟಿದಂತೆ.

ಆದುದರಿಂದ ಪ್ರತಿಯೊಂದು ಊರಿನಲ್ಲಿಯೂ ಓದುಬರಹ ಬಲ್ಲ ನಾಲ್ವರು ಸೇರಿ, ಲೋಕಸೇವಾ ಆಯೋಗದ ಅಧಿಸೂಚನೆ ಹೊರಟ ವಾರವೇ ಅದರ ಅರ್ಹತೆಯ ಕಲಮನ್ನು ಓದಬೇಕು. ಕನ್ನಡದ ಮಾತು ಸಡಿಲವಾಗಿದ್ದರೆ ಆಗಲೇ ಬರವಣಿಗೆಯಲ್ಲಿ ಆಕ್ಷೇಪ ಸಲ್ಲಿಸಬೇಕು. ನಮ್ಮ ಊರಿನ ಕನ್ನಡ ಪದವೀಧರರು ತಪ್ಪದೆ ಅರ್ಜಿ ಹಾಕಬೇಕು. ಏಕೆಂದರೆ ವ್ಯಾಜ್ಯ ಹೂಡುವ ಹಕ್ಕು ಗಟ್ಟಿಯಾಗಿರುವುದು ಅವರಿಗೇ. ೨೦೧೦ರಲ್ಲಿ ಸ್ಥಾಪಿತವಾದ ಕೇರಳ ಆಡಳಿತ ನ್ಯಾಯಮಂಡಲಿಗೆ ಮೊದಲು, ಅನಂತರ ಉಚ್ಚ ನ್ಯಾಯಾಲಯಕ್ಕೆ ಹೋಗುವುದು ಕ್ರಮ. ನಿಯಮವನ್ನು ಪ್ರಶ್ನಿಸದೆ ಸಂದರ್ಶನಕ್ಕೆ ಕುಳಿತು, ಆಯ್ಕೆಯಾಗದ ಮೇಲೆ ಆಕ್ಷೇಪಿಸಿದವರ ಮಾತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕೇಳುವುದಿಲ್ಲ.

ಶಾಲೆಯ ಬಾಗಿಲಿನಲ್ಲಿ ನಿಲ್ಲುವ ಧೈರ್ಯ ನಮ್ಮಲ್ಲಿದೆ. ಅಧಿಸೂಚನೆಯನ್ನು ಓದುವ ತಾಳ್ಮೆಯೂ ಬರಲಿ. ನೇಮಕದ ಆಜ್ಞೆ ಕೈಗೆ ಬಂದ ಮೇಲೆ ಹೋರಾಟ ಕಠಿಣ. ನಿಯಮದ ಮಸಿ ಒಣಗುವ ಮುನ್ನವೇ ಕನ್ನಡವನ್ನು ಅದರಲ್ಲಿ ಬರೆಯಿಸಿರಿ.