ಗಣಕದ ಪ್ರತಿ ಮತ್ತು ದೂರದ ಭಂಡಾರ

10ನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧ. ಪ್ರತಿಗಳು ಹಲವೆಡೆ ಹರಡಿದ್ದರೆ ಒಂದು ಭಂಡಾರ ನಾಶವಾದರೂ ಕೃತಿ ಉಳಿಯುತ್ತದೆ. ಈ ವಿವೇಕವನ್ನು ಇಂದಿನ ಸಂಶೋಧನ ಕ್ಷೇತ್ರ ಮರೆತಂತಿದೆ. ಕ್ಷೇತ್ರಕಾರ್ಯದ ಧ್ವನಿಮುದ್ರಣ, ಹಸ್ತಪ್ರತಿಗಳ ಛಾಯಾಚಿತ್ರ ಅನೇಕರಲ್ಲಿ ಒಂದೇ ಗಣಕದಲ್ಲಿರುತ್ತವೆ. ನಕಲು ಇದ್ದರೂ ಅದೇ ಮೇಜಿನ ಖಾನೆಯಲ್ಲಿರುತ್ತದೆ. ಅದನ್ನು ವಿ.ಪಿ.ಎನ್. ಮೂಲಕ ದೂರದ ಸರ್ವರ್‌ಗೆ ನಿಯತವಾಗಿ ಕಳುಹಿಸುವುದು ಅಗತ್ಯ. ಆದರೆ ವಿ.ಪಿ.ಎನ್. ಕಾಯುವುದು ದಾರಿಯನ್ನೇ ಹೊರತು ಭಂಡಾರವನ್ನಲ್ಲ. ಅಲ್ಲಿಯ ಕಡತಗಳಿಗೂ ಗೂಢಲಿಪಿಯ ರಕ್ಷಣೆ ಬೇಕು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯದಂತೆ ಹಿಂದಿನ ಪ್ರತಿಗಳು ಉಳಿಯಬೇಕು. ಆಗಾಗ ಮರಳಿ ತರಿಸಿ, ತೆರೆದು ನೋಡದ ನಕಲನ್ನು ನಂಬಲಾಗದು. ಈ ಹೊಣೆಯನ್ನು ಸಂಶೋಧಕರೊಬ್ಬರ ಮೇಲೆ ಹೊರಿಸದೆ ವಿಭಾಗಗಳೇ ವಹಿಸಿಕೊಳ್ಳಬೇಕು. ತೀರಿಕೊಂಡ ಜನಪದ ಗಾಯಕಿಯ ಧ್ವನಿಯನ್ನು ಎರಡನೆಯ ಬಾರಿ ಮುದ್ರಿಸಿಕೊಳ್ಳಲಾಗದು.